ಚಮನಬೀಯ ಸ್ಟೋವ್

ಕಾಲುವೆಗೆ ನೀರು ಬಂದ ಮೇಲೆ ಶಹಾಪುರದ ಬಜಾರಿನಲ್ಲಿ ಕೆಲವರ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಬಟ್ಟೆ ಅಂಗಡಿಯ ಈಶಪ್ಪ ಅವರಲ್ಲಿ ಮೊದಲಿಗ. ದೋರನಹಳ್ಳಿಯ ಭತ್ತದ ರೈತರಿಗೆಲ್ಲ ಟೆರಿಲಿನ್ ತೊಡಿಸಿ ಅಂಗಡಿಯ ಮೇಲೆ ಮಹಡಿ ಕಟ್ಟಿಸಿದ. ಹಿಂದಿನ ಓಣಿಯ ತನ್ನ ಮನೆಗೆ ಗ್ಯಾಸ್ ತಂದ ದಿನ ಇಡೀ ಬಜಾರಿಗೆ ಸಾರಿದ. ಮಹಡಿಯ ಕೋಣೆಯಲ್ಲಿ ವಿಧವೆ ಚಮನಬೀ ಬಾಡಿಗೆಗಿದ್ದಳು. ಹೊಲಿಗೆ ಮಷೀನೊಂದೇ ಅವಳಿಗೆ ಅನ್ನ.

ಅಮಾವಾಸ್ಯೆಯ ರಾತ್ರಿ ಆ ಅಂಗಡಿ ಸುಟ್ಟುಹೋಯಿತು. ಬೆಳಿಗ್ಗೆ ಸುರಪುರದ ತಂಗಿಯ ಮನೆಯಿಂದ ಚಮನಬೀ ಬರುವಷ್ಟರಲ್ಲಿ ಈಶಪ್ಪ ಅವಳ ಮಷೀನನ್ನು ಬೀದಿಗೆ ಇಳಿಸಿ, ಎದುರಿನ ನನ್ನ ಚಹಾದಂಗಡಿಯ ಬೆಂಚಿನ ಮೇಲೆ ನ್ಯಾಯಾಧೀಶನಾಗಿ ಕೂತಿದ್ದ.

"ನೀ ಆರಿಸದ ಬಿಟ್ಟು ಹೋದ ಸ್ಟೋವಿನಿಂದನ ಬೆಂಕಿ ಹತ್ತ್ಯದ. ನನ್ನ ನಷ್ಟಕ್ಕ ಮಷೀನ್ ಇಲ್ಲೇ ಬಿಟ್ಟು ಊರು ಬಿಡು!"

ಆಹಾ, ಏನು ತಲೆ! ಕೆಳಗಿನ ಅಂಗಡಿ ಬೂದಿ, ಮೇಲಿನ ಕೋಣೆಗೆ ಬರೀ ಹೊಗೆ. ಬೆಂಕಿ ಮೆಟ್ಟಿಲಿಳಿದು ಬಂದು ಸೀರೆ ಆರಿಸಿಕೊಂಡಿತೇನು? ಅಮಾವಾಸ್ಯೆಯ ಪೂಜೆ ಮಾಡಿ, ದೀಪ ಆರಿಸಿದರೆ ಲಕ್ಷ್ಮಿ ಹೊರಟುಹೋಗುತ್ತಾಳೆಂದು, ಉರಿಯುವ ದೀಪವನ್ನು ಬಟ್ಟೆಯ ನಡುವೆ ಬಿಟ್ಟು ಬೀಗ ಜಡಿಯುವ ಮಹಾನುಭಾವ ಇವನೇ. ಎಲ್ಲರಿಗೂ ಗೊತ್ತು. ಆದರೆ ಬಜಾರಿನ ಅರ್ಧ ಅಂಗಡಿಗಳ ಮಾಲೀಕನೂ ಇವನೇ.

"ನನ್ನ ಸ್ಟೋವ್ ಕೋಣ್ಯಾಗ ಇರಲೇ ಇಲ್ರಿ. ನಿಮ್ಮ ಮನಿಯವರ ಒಯ್ದಾರ," ಎಂದಳು ಚಮನಬೀ. ಕೈ ಮಷೀನಿನ ಗಾಲಿಯನ್ನು ಬಿಡಲಿಲ್ಲ.

"ಸುಳ್ಳಿ! ಗ್ಯಾಸ್ ಇರೋ ಮನಿಗಿ ನಿನ್ನ ಹಳೀ ಸ್ಟೋವ್ ಯಾಕ ಬೇಕು?"

ಬಜಾರಿನ ಹಿರಿಯ ಯಂಕಣ್ಣ ಹೌದೆಂಬಂತೆ ತಲೆಯಾಡಿಸಿದ. ಥೂ, ಅದೂ ಒಂದು ತಲೆ! ಅಷ್ಟರಲ್ಲಿ ಹಿಂದಿನ ಓಣಿಯಿಂದ ಈಶಪ್ಪನ ಹೆಂಡತಿ ಅಮೃತಮ್ಮ ಬಂದಳು. ಕೈಯಲ್ಲಿ ಸ್ಟೋವ್.

"ಗ್ಯಾಸ್ ತೀರಿ ವಾರ ಆತು. ಮಂದಿ ಮುಂದ ಹೇಳಬ್ಯಾಡ ಅಂದವ್ರು ನೀವ," ಎಂದಳು ಗಂಡನಿಗೆ. "ದೀಪ ಆರಿಸಿ ಬರ್ರಿ ಅಂದ್ರ ನನಗ ಬೈದ್ರಿ. ಈಗ ಸ್ಟೋವಿಗಿ ಬೈತೀರೇನು? ನಿನ್ನಿ ರಾತ್ರಿ ಇದು ನಮ್ಮ ಅಡಗಿ ಮನ್ಯಾಗ ನಿಮಗ ಹೋಳಿಗಿ ಸುಡಾಕತ್ತಿತ್ತು!"

ಬಜಾರು ಗೊಳ್ಳೆಂದು ನಕ್ಕಿತು. ಈಶಪ್ಪ ಚಹಾ ಅರ್ಧಕ್ಕೇ ಬಿಟ್ಟೆದ್ದ. ಯಂಕಣ್ಣ, ತಾನೇ ನ್ಯಾಯ ಹೇಳಿದವನಂತೆ ಗಂಟಲು ಸರಿಮಾಡಿಕೊಂಡು, "ಮಷೀನ್ ಮ್ಯಾಲಿನ ಕೋಣ್ಯಾಗ ಇಡ್ರಪಾ," ಎಂದ.

ಅಂಗಡಿ ಮತ್ತೆ ತೆರೆಯಿತು, ಅಮಾವಾಸ್ಯೆಯೂ ಬಂತು. ಪೂಜೆ ಮುಗಿಸಿ ಈಶಪ್ಪ ಬೀಗ ಕೈಗೆತ್ತಿಕೊಂಡಾಗ ಅಮೃತಮ್ಮ ಒಳಗೆ ಹೋಗಿ, ಎಲ್ಲರೂ ನೋಡುತ್ತಿದ್ದಂತೆ ಉಫ್ ಎಂದು ದೀಪ ಆರಿಸಿ ಬಂದಳು. ಮೇಲಿನ ಕೋಣೆಯಲ್ಲಿ ಚಮನಬೀಯ ಮಷೀನು ಓಡುತ್ತಲೇ ಇತ್ತು. ಲಕ್ಷ್ಮಿಯೂ ಎಲ್ಲಿಗೂ ಹೋಗಲಿಲ್ಲ.