ಅಂಗಾತ

"ಸ್ಕ್ರೂ ತಲೆ ಮೇಲೆಲ್ಲ ಮೇಣ ಮೆತ್ತಿದ್ದಾರೆ ಮಾರಾಯ, ತಿರುಗ್ತಾನೇ ಇಲ್ಲ," ಎನ್ನುತ್ತ ಪಕ್ಕದ ಮನೆಯ ಯೋಗೇಶ್ ಹಲ್ಲು ಕಚ್ಚಿ ಸ್ಕ್ರೂಡ್ರೈವರ್ ಒತ್ತಿದ. ಶಿವರಾಜ್ ಪೆಟ್ಟಿಗೆಯ ಇನ್ನೊಂದು ತುದಿಯನ್ನು ಹಿಡಿದುಕೊಂಡು ನಿಂತಿದ್ದ. ಹಿಡಿದುಕೊಳ್ಳುವ ಅಗತ್ಯವೇನೂ ಇರಲಿಲ್ಲ, ಅದೇನು ಎದ್ದು ಓಡಿಹೋಗುತ್ತಿತ್ತೇ? ಆದರೆ ಪಾಪ, ಅವನ ಕೈಗೆ ಏನಾದರೂ ಕೆಲಸ ಬೇಕಿತ್ತು.

ಮಲೇಷಿಯಾದ ಪೆನಾಂಗ್‌ನಿಂದ ಬೆಂಗಳೂರಿಗೆ ಬಂದು, ಅಲ್ಲಿಂದ ಆಂಬುಲೆನ್ಸಿನಲ್ಲಿ ಭದ್ರಾವತಿಯ ಜನ್ನಾಪುರ ಮುಟ್ಟಿದ್ದ ಪೆಟ್ಟಿಗೆ. ಒಳಗಿದ್ದವಳು ಶಿವರಾಜನ ಅಕ್ಕ ಶ್ರೀಗೌರಿ. ಶ್ರೀಗೌರಿ ಅಂದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ, ಬ್ಲೌಸ್ ಹೊಲಿಯುವ ಗೌರಕ್ಕ ಅನ್ನಬೇಕು. ಬೆನ್ನಿನ ಆಪರೇಷನ್ ಮಾಡಿಸಿಕೊಂಡು ಬರುತ್ತೇನೆ ಎಂದು ಹೋಗಿದ್ದವಳು ಹೀಗೆ ಬಂದಿದ್ದಳು.

ಶಿವರಾಜನ ಹೆಂಡತಿ ತನುಜಾ ಬಾಗಿಲ ಚೌಕಟ್ಟಿಗೆ ಒರಗಿ ನಿಂತು ನೋಡುತ್ತಿದ್ದಳು. ಪೆಟ್ಟಿಗೆಯ ಜೊತೆಗೆ ಬಂದ ಅವಳ ತಂಗಿ ಸಮತಾ ಮೆಟ್ಟಿಲ ಮೇಲೆ ಒಬ್ಬಳೇ ಕೂತಿದ್ದಳು. ಎರಡು ರಾತ್ರಿ ನಿದ್ದೆ ಕೆಟ್ಟು ಬಂದ ಹುಡುಗಿಗೆ ನೆಂಟರಲ್ಲಿ ಒಬ್ಬರೂ ಒಂದು ಲೋಟ ನೀರು ಬೇಕೇ ಎಂದು ಕೇಳಿರಲಿಲ್ಲ. ಗೌರಕ್ಕನಿಗೆ ಪೆನಾಂಗಿನ ದಾರಿ ತೋರಿಸಿದವಳು ಇವಳೇ ಅಲ್ಲವೇ, ಅದಕ್ಕೆ.

ಪಡಸಾಲೆಯಲ್ಲಿ ಎಲ್ಲ ಸಿದ್ಧವಾಗಿತ್ತು. ಗೋಡೆಗೆ ಬಿಳಿ ಪಂಚೆ ಕಟ್ಟಿ, ಕೆಳಗೆ ಮಣೆ ಹಾಕಿದ್ದರು. ಲಿಂಗಾಯತರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಪದ್ಮಾಸನ ಹಾಕಿ ಗೋಡೆಗೆ ಒರಗಿಸಿ ಕೂರಿಸುತ್ತಾರೆ, ಮಣ್ಣಿಗೂ ಹಾಗೆ ಕೂತೇ ಹೋಗಬೇಕು. ರುದ್ರಭೂಮಿಯಲ್ಲಿ ಕೂರಿಸುವ ಅಳತೆಗೆ ಚೌಕವಾದ ಗುಂಡಿಯನ್ನು ಬೆಳಿಗ್ಗೆಯೇ ತೋಡಿಸಿಟ್ಟಾಗಿತ್ತು.

ಕೊನೆಯ ಸ್ಕ್ರೂ ಕಳಚಿತು. ಯೋಗೇಶ್ ಮುಚ್ಚಳ ಎತ್ತಿ ಪಕ್ಕಕ್ಕಿಟ್ಟವನು, ಒಳಗೆ ನೋಡಿ ಎರಡು ಹೆಜ್ಜೆ ಹಿಂದೆ ಸರಿದ. ಅಳಲು ಸಿದ್ಧರಾಗಿದ್ದ ಹೆಂಗಸರು ಬಾಯಿ ತೆರೆದವರು ತೆರೆದ ಹಾಗೇ ನಿಂತರು.

ಆಯನೂರಿನಿಂದ ಬಂದಿದ್ದ ಶಿವರಾಜನ ಸೋದರತ್ತೆ ಶಂಕರಮ್ಮ ಪೆಟ್ಟಿಗೆಯ ಅಂಚು ಹಿಡಿದು ಬಗ್ಗಿ ನೋಡಿ, "ಅಯ್ಯೋ ಶಿವನೇ, ಇದ್ಯಾರೇ ಇವಳು?" ಎಂದು ಕಿರುಚಿದಳು. "ಇವಳು ನಮ್ಮ ಗೌರಿ ಅಲ್ಲ ಕಣ್ರೋ! ಯಾರದ್ದೋ ಹೆಣ ಕಳಿಸಿಬಿಟ್ಟಿದ್ದಾರೆ!"

ಪೆಟ್ಟಿಗೆಯಲ್ಲಿ ಉದ್ದನೆಯ ಹೆಂಗಸೊಬ್ಬಳು ಅಂಗಾತ ಮಲಗಿದ್ದಳು. ಕೋಲು ಇಟ್ಟ ಹಾಗೆ ನೆಟ್ಟಗೆ. ಅಗಲವಾದ ಹಣೆ, ನೀಳ ಕತ್ತು, ಎತ್ತಿದ ಗದ್ದ. ಜನ್ನಾಪುರದ ಗೌರಕ್ಕನಿಗೆ ಕತ್ತು ಅನ್ನುವುದೊಂದು ಇದೆ ಎಂದೇ ಯಾರಿಗೂ ಗೊತ್ತಿರಲಿಲ್ಲ.

"ಸಮತಾ," ಎಂದ ಶಿವರಾಜ್. "ಅಲ್ಲೇನಾದ್ರೂ ಅದಲು ಬದಲು ಆಯ್ತೇನಮ್ಮ?"

"ಭಾವ! ನಾನೇ ಸ್ನಾನ ಮಾಡಿಸಿ ಸೀರೆ ಉಡಿಸಿದ್ದು. ಇವರೇ ಭಾವ, ಗೌರಕ್ಕನೇ."

ಸ್ವಂತ ತಮ್ಮ ಕೇಳುವ ಪ್ರಶ್ನೆಯೇ ಇದು? ತನುಜಾ ಮುಂದೆ ಬಂದು ಗೌರಕ್ಕನ ಬಲಗೈ ಎತ್ತಲು ನೋಡಿದಳು. ಕೈ ಬರಲಿಲ್ಲ, ಮರದ ಹಾಗೆ ಬಿಗಿದುಕೊಂಡಿತ್ತು. ಬಗ್ಗಿ ನೋಡಿದರೆ ಹೆಬ್ಬೆರಳಿನ ಬುಡದಲ್ಲಿ ಕತ್ತರಿ ಒತ್ತಿ ಒತ್ತಿ ಎದ್ದಿದ್ದ ಗಂಟು ಹಾಗೇ ಇತ್ತು.

"ಅಕ್ಕನೇ," ಎಂದಳು ತನುಜಾ. ಆಮೇಲೆ ಅಳು ಬಂತು.

*

ತನುಜಾ ಶಿವಮೊಗ್ಗದ ಕೋಟೆ ರಸ್ತೆಯಿಂದ ಮದುವೆಯಾಗಿ ಈ ಮನೆಗೆ ಬಂದ ದಿನ ಗೌರಕ್ಕ ಆರತಿ ತಟ್ಟೆ ಹಿಡಿದು ಹೊಸ್ತಿಲಲ್ಲಿ ನಿಂತಿದ್ದಳು. ಸೊಂಟದಿಂದ ಮೇಲೆ ಕುಡುಗೋಲಿನ ಹಾಗೆ ಬಾಗಿದ ಮೈ, ಎದೆಗೆ ಅಂಟಿದ ಗದ್ದ. "ಕಾಲು ಚೆನ್ನಾಗಿದೆ ಕಣೆ ಹುಡುಗಿ. ಮುಖ ಪುರುಸೊತ್ತಾದಾಗ ನೋಡ್ತೀನಿ," ಎಂದಿದ್ದಳು. ನೆರೆದವರೆಲ್ಲ ನಕ್ಕಿದ್ದರು. ತನುಜಾ ನಗಬೇಕೋ ಬೇಡವೋ ತಿಳಿಯದೆ ಅಲ್ಲೇ ಕುಕ್ಕರುಗಾಲಲ್ಲಿ ಕೂತು, ಮುಖ ಎತ್ತಿ, "ಈಗಲೇ ನೋಡಿಬಿಡಿ ಅಕ್ಕ," ಎಂದಿದ್ದಳು. ಅವತ್ತಿನಿಂದ ಅವರಿಬ್ಬರಿಗೂ ಕುದುರಿಬಿಟ್ಟಿತು ಗೆಳೆತನ.

ಕಾಲೇಜಿಗೆ ಹೋಗುವ ವಯಸ್ಸಿನಲ್ಲಿ ಶುರುವಾದ ಬೆನ್ನುನೋವಂತೆ. ಬೆನ್ನಿನ ಮೂಳೆಗಳು ಒಂದಕ್ಕೊಂದು ಅಂಟಿಕೊಳ್ಳುವ ಕಾಯಿಲೆ. ವರ್ಷಕ್ಕಿಷ್ಟು ವರ್ಷಕ್ಕಿಷ್ಟು ಎಂದು ಬಾಗುತ್ತ, ನೋಡಲು ಬಂದ ಗಂಡುಗಳ ಮುಂದೆ ಕಾಫಿ ತಟ್ಟೆ ಹಿಡಿದು ಬಾಗುತ್ತ, ಕೊನೆಗೆ ಗಂಡುಗಳು ಬರುವುದೂ ನಿಂತು, ಗೌರಕ್ಕ ಹೊಲಿಗೆ ಮಿಷನ್ ಹಿಡಿದಳು. "ಮಿಷನ್ ಮುಂದೆ ಕೂತ್ರೆ ಎಲ್ರೂ ನನ್ನ ಹಾಗೇ ಕಾಣೋದು, ಅದಕ್ಕೇ ಈ ಕೆಲಸ ಹಿಡಿದೆ," ಎನ್ನುತ್ತಿದ್ದಳು. ಹಗಲೆಲ್ಲ ಬೀದಿಯ ತಮಿಳು ಹೆಂಗಸರ ಜೊತೆ ತಮಿಳಿನಲ್ಲೇ ಚೌಕಾಶಿ, ಹರಟೆ, ನಗು. ನೆಟ್ಟಗೆ ಮಲಗಿದರೆ ತಲೆ ಗಾಳಿಯಲ್ಲಿ ನಿಲ್ಲುತ್ತಿದ್ದರಿಂದ ಮಗ್ಗುಲಾಗಿ ಮುದುಡಿಯೇ ನಿದ್ದೆ. ಶಿವರಾಜ್ ಅವಳಿಗಿಂತ ತುಂಬ ಚಿಕ್ಕವನು. ಬುದ್ಧಿ ಬಂದಾಗಿನಿಂದ ಅವನು ಅಕ್ಕನನ್ನು ನೋಡಿದ್ದೇ ಹಾಗೆ.

ಪೆನಾಂಗಿನ ಆಸ್ಪತ್ರೆಯಲ್ಲಿ ನರ್ಸಾಗಿದ್ದ ಸಮತಾ ಒಮ್ಮೆ ರಜೆಗೆ ಬಂದಾಗ ಹೇಳಿದಳು: ನಮ್ಮಲ್ಲಿ ಇಂಥ ಬೆನ್ನನ್ನು ಕತ್ತರಿಸಿ, ರಾಡು ಹಾಕಿ ನೇರ ಮಾಡುವ ದೊಡ್ಡ ಡಾಕ್ಟರಿದ್ದಾರೆ, ಸಿಬ್ಬಂದಿಯ ಮನೆಯವರಿಗೆ ರಿಯಾಯಿತಿಯೂ ಇದೆ, ಬೆಂಗಳೂರಿನಲ್ಲಿ ಕೇಳಿದ್ದರ ಅರ್ಧದಲ್ಲಿ ಮುಗಿಯುತ್ತದೆ.

"ಇಷ್ಟು ವರ್ಷ ಹೇಗೋ ಇದ್ದಿದ್ದಾಯ್ತು, ಈಗ್ಯಾಕಕ್ಕ?" ಎಂದ ಶಿವರಾಜ್.

"ಇದ್ದವಳು ನಾನು ಕಣೋ, ನೀನಲ್ಲ," ಎಂದಳು ಗೌರಕ್ಕ. ಕೋಪವಿರಲಿಲ್ಲ ಆ ಮಾತಿನಲ್ಲಿ. "ಓಡಬೇಕು, ಕುಣಿಬೇಕು ಅಂತ ನಾನೇನೂ ಕೇಳ್ತಿಲ್ಲ. ಒಂದು ರಾತ್ರಿ ಅಂಗಾತ ಮಲಗಬೇಕು. ಅಷ್ಟೇ ಆಸೆ."

ಡಾಕ್ಟರು ಅಪಾಯ ಇದೆ ಎಂದು ಮೊದಲೇ ಬಿಡಿಸಿ ಹೇಳಿದ್ದರು. ಗೌರಕ್ಕ ಕೇಳಿಸಿಕೊಂಡೇ ಹೋಗಿದ್ದಳು.

*

"ಬಿಸಿನೀರು ತನ್ನಿ," ಎಂದರು ಚಂದ್ರಶೇಖರಪ್ಪ. ಶಿವರಾಜನ ದೊಡ್ಡಪ್ಪ, ಮನೆತನದ ಹಿರಿಯ. ಕೆಟ್ಟ ಮನುಷ್ಯನಲ್ಲ. ತಂದೆಯಿಲ್ಲದ ಈ ಇಬ್ಬರು ಮಕ್ಕಳನ್ನು ದಡ ಮುಟ್ಟಿಸಿದವರೇ ಅವರು. "ಸೆಟೆದುಕೊಂಡಿದೆ ಅಷ್ಟೆ. ಕೀಲಿಗೆ ಬಿಸಿನೀರು ಹಾಕಿ ತಿಕ್ಕಿದ್ರೆ ಸಡಿಲ ಆಗುತ್ತೆ. ಆಮೇಲೆ ಕೂರಿಸೋಣ."

"ಆಗಲ್ಲ ಮಾವ," ಎಂದಳು ಸಮತಾ, ಮೆಟ್ಟಿಲಿಂದ ಎದ್ದು. "ದೇಶ ದಾಟಿಸೋಕೆ ಮೈಯೊಳಗೆ ಔಷಧಿ ತುಂಬಿರ್ತಾರೆ. ಅದು ಇನ್ನು ಸಡಿಲ ಆಗೋದಿಲ್ಲ."

"ನೀನು ಸುಮ್ಮನಿರಮ್ಮ. ನೀನು ಮಾಡಿದ್ದು ಸಾಕು."

ಸಮತಾ ಮತ್ತೆ ಕೂತಳು. ಬಿಸಿನೀರು ಬಂತು. ಚಂದ್ರಶೇಖರಪ್ಪನವರ ಕಣ್ಸನ್ನೆಗೆ ಯೋಗೇಶ್ ಮತ್ತು ಇನ್ನೊಬ್ಬ ಶವವನ್ನು ಎತ್ತಿ ಚಾಪೆಯ ಮೇಲಿಟ್ಟರು. ಒಬ್ಬ ತೊಡೆ ಅದುಮಿ ಹಿಡಿದ, ಇನ್ನೊಬ್ಬ ಮೊಣಕಾಲಿನ ಕೆಳಗೆ ಕೈಹಾಕಿ ಮಡಿಸಲು ನೋಡಿದ. ಆಗಲಿಲ್ಲ. "ಜೋರಾಗಿ," ಎಂದರು ಚಂದ್ರಶೇಖರಪ್ಪ. ಅವರ ಕಣ್ಣಲ್ಲೂ ನೀರಿತ್ತು. "ಜೋರಾಗಿ ಒತ್ತೋ, ಏನಾಗಲ್ಲ."

ಒಳಗೆಲ್ಲೋ ಲಟಕ್ ಎಂದಿತು.

ಪಡಸಾಲೆಯ ತುಂಬ ಕೇಳಿಸಿತು ಅದು. ಶಂಕರಮ್ಮ ಎರಡೂ ಕಿವಿ ಮುಚ್ಚಿಕೊಂಡಳು. ಯೋಗೇಶನ ಮುಖ ಬಿಳುಚಿಕೊಂಡಿತು. ಕೈ ಬಿಡಬೇಕೋ ಹಿಡಿದಿರಬೇಕೋ ತಿಳಿಯದೆ ಅವನು ಹಾಗೇ ಕೂತ.

"ಬಿಡ್ರೀ ಕೈ!"

ಕೂಗಿದ್ದು ತಾನೇ ಎಂದು ತನುಜಾಳಿಗೆ ಆಮೇಲೆ ಗೊತ್ತಾಯಿತು. ಅವಳು ಚಾಪೆಯ ಮೇಲೆ ಕೂತು, ಗೌರಕ್ಕನ ಮೊಣಕಾಲುಗಳ ಮೇಲೆ ತನ್ನೆರಡೂ ಕೈ ಚಾಚಿ ಅಡ್ಡ ಹಿಡಿದಿದ್ದಳು. "ಜೀವ ಇರೋವಾಗ ಬಾಗಿದ್ದು ಸಾಲದಾ ಮಾವ? ನೆಟ್ಟಗಾಗಬೇಕು ಅಂತ ಸಮುದ್ರ ದಾಟಿ ಹೋಗಿ ಪ್ರಾಣ ಕೊಟ್ಟವಳನ್ನ ಈಗ ಮುರಿದು ಮಡಚ್ತೀರಾ?"

"ತನುಜಾ, ಗಂಡಸರ ಮಧ್ಯೆ ನಿನ್ನ ಮಾತೇನು?"

"ಅಕ್ಕ ಹಾಗೇ ಹೋಗ್ಲಿ. ಮಲಗೇ ಹೋಗ್ಲಿ. ನಾನು ಕೈ ತೆಗೆಯಲ್ಲ."

"ಕಳಿಸಿದವಳೇ ನೀನು! ನಿನ್ನ ತಂಗಿಯ ಮಾತು ಕಟ್ಟಿಕೊಂಡು ಕುಣಿದ್ರಿ. ಹೇಗೋ ಬಗ್ಗಿಕೊಂಡೇ ಬದುಕಿರ್ತಿದ್ಲು ನನ್ನ ಮಗಳು. ಈಗ ಸಂಸ್ಕಾರನೂ ಕೆಡಿಸ್ತೀಯ? ಅವಳಪ್ಪನಿಗೆ ನಾನು ಮೇಲೆ ಹೋಗಿ ಏನು ಹೇಳಲಿ?" ಎನ್ನುತ್ತ ಚಂದ್ರಶೇಖರಪ್ಪ ಗೋಡೆಗೆ ಕೈಯೂರಿ ನಿಂತರು.

ಹೋಗಿ ಬನ್ನಿ ಅಕ್ಕ ಎಂದು ಕಳಿಸಿದವಳು ತಾನೇ, ಅದು ಸುಳ್ಳಲ್ಲ. ತನುಜಾ ಗಂಡನ ಕಡೆ ನೋಡಿದಳು. ಶಿವರಾಜ್ ಅಕ್ಕನ ಮುಖವನ್ನೇ ನೋಡುತ್ತ ಕಂಬದ ಹಾಗೆ ನಿಂತಿದ್ದ.

ಎಲ್ಲರೂ ಮಠದಿಂದ ಬಂದಿದ್ದ ಅಯ್ಯನವರ ಕಡೆ ತಿರುಗಿದರು. ಅಯ್ಯನವರು ಗಡ್ಡ ನೀವಿಕೊಂಡರು. "ಅಂಗೈಯಲ್ಲಿ ಲಿಂಗ ಇಡೋಕೆ ಬಂದ್ರೆ ನನ್ನ ಕೆಲಸ ಆಗುತ್ತೆ. ಕೂರಿಸ್ತೀರೋ ಮಲಗಿಸ್ತೀರೋ ಅದು ಮನೆಯವರ ತೀರ್ಮಾನ. ಅವಳಿಗೆ ಒಡಹುಟ್ಟಿದವನು ಒಬ್ಬನೇ ಇರೋದು, ಅವನು ಹೇಳ್ಲಿ."

ಶಿವರಾಜ್ ಬಗ್ಗಿ ಅಕ್ಕನ ಸೀರೆಯ ನೆರಿಗೆ ಸರಿಮಾಡಿದ, ಅಷ್ಟೇ.

"ಸರಿ, ಪೆಟ್ಟಿಗೆಯಲ್ಲೇ ಎತ್ತಿ," ಎಂದರು ಚಂದ್ರಶೇಖರಪ್ಪ. "ಗುಂಡಿ ಚೌಕ ಇದೆ. ಅಲ್ಲಿ ಹೋದ್ಮೇಲಾದ್ರೂ ನಿಮಗೆ ಬುದ್ಧಿ ಬರುತ್ತೆ."

*

ಆಪರೇಷನ್ ಆಗಿ ಕೆಲವು ದಿನಕ್ಕೆ ವಿಡಿಯೋ ಕಾಲ್ ಬಂದಿತ್ತು. ತನುಜಾ ಮಿಕ್ಸಿಗೆ ಕಾಯಿ ಹಾಕಿದ್ದವಳು ಅದನ್ನು ಹಾಗೇ ಬಿಟ್ಟು ಫೋನ್ ಎತ್ತಿದ್ದಳು. ತೆರೆಯ ಮೇಲೆ ಕಂಡದ್ದು ಬರೀ ಬಿಳಿ.

"ಏನಕ್ಕ ಇದು, ನಿಮ್ಮ ಮುಖ ತೋರಿಸಿ."

"ಇರೇ, ಮೊದಲು ಇದನ್ನ ನೋಡು. ಚಾವಣಿ ಕಣೆ. ನಾನು ಅಂಗಾತ ಮಲಗಿದ್ದೀನಿ, ತನು! ನನ್ನ ಕಣ್ಣಿಗೆ ನೇರ ಬೀಳ್ತಿರೋದು ಇದೇ. ಬೆಳಿಗ್ಗೆಯಿಂದ ಇದನ್ನೇ ನೋಡ್ತಾ ಇದ್ದೀನಿ, ಸಾಕಾಗ್ತಾನೇ ಇಲ್ಲ."

ಆಮೇಲೆ ಫೋನ್ ತಿರುಗಿಸಿ ಮುಖ ತೋರಿಸಿದಳು. ನಗುತ್ತಿದ್ದಳು. ನೋವಿದೆಯಾ ಎಂದರೆ, "ಸಾಯೋಷ್ಟಿದೆ," ಎಂದು ಮತ್ತೆ ನಕ್ಕಳು. ನಾಳೆ ನಿಲ್ಲಿಸುತ್ತಾರಂತೆ, ನರ್ಸುಗಳೆಲ್ಲ ತಮಿಳು ಆಡುತ್ತಾರೆ, ಜನ್ನಾಪುರದಲ್ಲೇ ಇದ್ದಂಗಿದೆ, ಒಬ್ಬಳ ಬ್ಲೌಸಿನ ತೋಳು ಸರಿ ಕೂತಿಲ್ಲ, ಹೇಗೆ ಬಿಚ್ಚಿ ಹೊಲಿಯಬೇಕು ಅಂತ ಹೇಳಿಕೊಟ್ಟೆ ಎಂದೆಲ್ಲ ಹರಟಿದಳು.

ವಾರ್ಡಿನ ಓಣಿಯಲ್ಲಿ ಗೌರಕ್ಕ ನಡೆದಳು ಕೂಡ. ನಾಳೆ ಡಿಸ್ಚಾರ್ಜ್ ಎನ್ನುವಾಗ ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಂಡಿತು. ಎಲ್ಲ ಜಾಗ್ರತೆ ಮಾಡಿದರೂ ಒಮ್ಮೊಮ್ಮೆ ಹೀಗಾಗುತ್ತದೆ ಎಂದು ಸಮತಾ ಫೋನಿನಲ್ಲಿ ಹೇಳಿದಾಗ ತನುಜಾ, "ಯಾರಿಗೆ ಹೀಗಾಯ್ತು?" ಎಂದು ಮೂರು ಸಲ ಕೇಳಿದ್ದಳು.

*

ರುದ್ರಭೂಮಿಯಲ್ಲಿ ಹೆಂಗಸರು ಗೇಟಿನ ಹತ್ತಿರವೇ ನಿಂತರು. ತನುಜಾ ನಿಲ್ಲಲಿಲ್ಲ. ಪೆಟ್ಟಿಗೆಯ ಹಿಂದೆಯೇ ಹೋಗಿ ಗುಂಡಿಯ ಅಂಚಿನಲ್ಲಿ ನಿಂತಳು.

ಗುಂಡಿ ಚೌಕವಾಗಿತ್ತು. ಆಳವೇನೋ ಇತ್ತು, ಆದರೆ ಒಬ್ಬರು ಚಕ್ಕಂಬಕ್ಕಳ ಹಾಕಿ ಕೂರುವಷ್ಟೇ ಅಗಲ. ಪಕ್ಕದಲ್ಲಿಟ್ಟ ಪೆಟ್ಟಿಗೆ ಅದಕ್ಕಿಂತ ಎಷ್ಟೋ ಉದ್ದವಿತ್ತು. ಗುಂಡಿ ತೋಡಿದವರು ಪೆಟ್ಟಿಗೆ ನೋಡಿ, ಗುಂಡಿ ನೋಡಿ, ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಈಗಲಾದ್ರೂ ಹೇಳೋ ಶಿವು," ಎಂದರು ಚಂದ್ರಶೇಖರಪ್ಪ. ದನಿಯಲ್ಲಿ ಜೋರಿರಲಿಲ್ಲ, ಬೇಡಿಕೊಳ್ಳುವಂತಿತ್ತು. "ಒಂದು ನಿಮಿಷದ ಕೆಲಸ. ಸತ್ತ ಮೈಗೆ ನೋವಾಗುತ್ತೇನೋ? ನೀನು ಹ್ಞೂಂ ಅನ್ನು, ಸಾಕು."

ತನುಜಾ ಪೆಟ್ಟಿಗೆಗೆ ಅಡ್ಡವಾಗಿ ಸರಿದು ನಿಂತಳು. ಅವನು ಹ್ಞೂಂ ಅಂದರೆ ಮುಗಿಯಿತು. ಮನೆಯಲ್ಲಾದರೆ ಅಡ್ಡ ಕೂರಬಹುದಿತ್ತು. ಇಲ್ಲಿ ಇಷ್ಟು ಜನ ಗಂಡಸರ ನಡುವೆ ಒಬ್ಬಳು ಎಷ್ಟು ಹೊತ್ತು ತಡೆದಾಳು?

ಶಿವರಾಜ್ ಅಂಗಿ ಬಿಚ್ಚಿ ತನುಜಾಳ ಕೈಗೆ ಕೊಟ್ಟ. ಮಣ್ಣಿನ ಗುಡ್ಡೆಗೆ ಒರಗಿಸಿದ್ದ ಗುದ್ದಲಿ ತೆಗೆದುಕೊಂಡು ಗುಂಡಿಯೊಳಗೆ ಇಳಿದ.

ಒಂದು ಪಕ್ಕದ ಗೋಡೆಗೆ ಗುದ್ದಲಿ ಹಾಕಿದ. ಮಣ್ಣು ಉದುರಿತು. ತೋಡುವವನೊಬ್ಬ, "ನಾವು ತೆಗೀತೀವಿ ಬನ್ನಿ ಸಾರ್," ಎಂದ. ಶಿವರಾಜ್ ಕೇಳಿಸಿಕೊಳ್ಳಲಿಲ್ಲ. ಅಗೆದ, ಬುಟ್ಟಿಗೆ ತುಂಬಿ ಮೇಲಕ್ಕೆ ಕೊಟ್ಟ, ಮತ್ತೆ ಅಗೆದ. ಬಿಸಿಲು ನೆತ್ತಿಗೆ ಬಂದಿತ್ತು. ಮೇಲಿದ್ದವರು ಬುಟ್ಟಿ ಇಸಿದುಕೊಂಡರು. ಚೌಕವಾಗಿದ್ದ ಗುಂಡಿ ನಿಧಾನವಾಗಿ ಉದ್ದವಾಯಿತು.

ಆಮೇಲೆ ಅವನು ಗುದ್ದಲಿ ಬದಿಗಿಟ್ಟು, ಯಾರೂ ನೆನೆಸದ ಕೆಲಸ ಮಾಡಿದ. ಗುಂಡಿಯಲ್ಲಿ ಕೂತು, ಕಾಲು ಚಾಚಿ, ಹಾಗೇ ಹಿಂದಕ್ಕೆ ವಾಲಿ ಮಲಗಿಬಿಟ್ಟ.

"ಏಯ್! ಹುಚ್ಚು ಹಿಡೀತೇನೋ?" ಚಂದ್ರಶೇಖರಪ್ಪ ಕೈ ಚಾಚಿದರು. "ಏಳೋ! ಬದುಕಿರೋನು ಮಲಗೋ ಜಾಗನೇನೋ ಅದು? ಎದ್ದೇಳೋ ಮಗನೇ!"

ಶಿವರಾಜ್ ಏಳಲಿಲ್ಲ. ಮೇಲಿನ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು, ಅಂಗಾತ ಬಿದ್ದುಕೊಂಡೇ ಹೆಂಡತಿಯನ್ನು ಹುಡುಕಿದ. "ನೋಡು ತನು. ಸಾಕಾಗುತ್ತಾ?"

ತನುಜಾ ಅವನ ಅಂಗಿಯನ್ನು ಎದೆಗೆ ಒತ್ತಿಕೊಂಡು ಅಂಚಿನಲ್ಲಿ ಬಗ್ಗಿದಳು. ಅವನ ತಲೆ ಒಂದು ಗೋಡೆಗೆ ತಾಗಿತ್ತು, ಪಾದ ಇನ್ನೊಂದಕ್ಕೆ. ಅವಳು ತಿರುಗಿ ಪೆಟ್ಟಿಗೆಯೊಳಗಿನ ಮೈಯನ್ನು ಹಣೆಯಿಂದ ಹಿಮ್ಮಡಿಯವರೆಗೆ ನೋಡಿದಳು. ಮತ್ತೆ ಗಂಡನನ್ನು ನೋಡಿದಳು.

"ಇಲ್ಲ ರೀ," ಎಂದಳು. "ಅಕ್ಕ ನಿಮಗಿಂತ ಉದ್ದ. ಇನ್ನೊಂದು ಗೇಣು ತೆಗೀಬೇಕು."

ಅವನು ಎದ್ದ. ಬೆನ್ನಿನ ತುಂಬ ಕೆಂಪು ಮಣ್ಣು ಮೆತ್ತಿಕೊಂಡಿತ್ತು. ಅದನ್ನು ಒರೆಸಿಕೊಳ್ಳದೆ, ಗುದ್ದಲಿ ಎತ್ತಿಕೊಂಡು, ಕಾಲ ಕಡೆಯ ಗೋಡೆಯತ್ತ ಬಗ್ಗಿ ಅಗೆಯತೊಡಗಿದ.