‘ಕ್ಯಾತೆ’ಯ ಪುಟ

ನಮ್ಮ ನಿಘಂಟು ಕಚೇರಿಯಲ್ಲಿ ಒಂದು ಕಟ್ಟುಪಾಡು. ಮೂವರು ರುಜು ಹಾಕದೆ ಯಾವ ಪುಟವೂ ಅಚ್ಚಿಗೆ ಹೋಗುವಂತಿಲ್ಲ. ಮೂರನೆಯ ರುಜು ಕೊಕ್ಕೆ ಸಾಹೇಬರದು. ಆ ಹೆಸರಿಟ್ಟವಳು ಕರಡು ತಿದ್ದುವ ನಾನೇ; ಇಟ್ಟಿದ್ದಕ್ಕೆ ಒಂದಿಷ್ಟೂ ನಾಚಿಕೆಯಿಲ್ಲ. ಆ ಮಹಾನುಭಾವರು ಜನ್ಮದಲ್ಲಿ ಒಂದು ಪದಕ್ಕೂ ಅರ್ಥ ಬರೆದವರಲ್ಲ. ಬೇರೆಯವರು ಬರೆದದ್ದರ ಪಕ್ಕ ಕೆಂಪು ಗೀಟು ಎಳೆದೆಳೆದೇ ವಿದ್ವಾಂಸರಾದವರು.

ಪದಗಳನ್ನೆಲ್ಲ ಮೂವತ್ತೊಂದು ವರ್ಷ ಚೀಟಿಗಳಲ್ಲಿ ಬರೆದು ಕೂಡಿಸಿದ್ದು ನಮ್ಮ ದೊಡ್ಡಪ್ಪ. ಅವರ ಕಣ್ಣು ಮಂಜಾಗುತ್ತಾ ಬಂದಿತ್ತು. ಹೆಚ್ಚೆಂದರೆ ಐದು ತಿಂಗಳು ಎಂದು ಡಾಕ್ಟರು ಕೈಚೆಲ್ಲಿದ್ದರು. ಅಷ್ಟರೊಳಗೆ ಅಚ್ಚಾದ ಪುಸ್ತಕವನ್ನು ಒಮ್ಮೆ ಕಣ್ತುಂಬ ನೋಡಬೇಕು ಎಂಬುದೊಂದೇ ಅವರ ಆಸೆ. ಬಾಕಿ ಇದ್ದದ್ದು ಒಂದೇ ಪುಟ, ‘ಕ್ಯಾತೆ’ ಎಂಬ ಹಳೆಯ ಪದವಿದ್ದ ಪುಟ.

ಅರ್ಥದಲ್ಲಿ ಯಾರಿಗೂ ಅನುಮಾನವಿರಲಿಲ್ಲ: ಇಲ್ಲದ ತಪ್ಪು ಹುಡುಕಿ, ಕ್ಷುಲ್ಲಕ ಮಾತಿಗೆ ಜಗ್ಗಾಡುವುದು. ಮೂಲದ ಜಾಗದಲ್ಲಿ ದೊಡ್ಡಪ್ಪ ‘ತಿಳಿದಿಲ್ಲ’ ಎಂದು ಬರೆದಿದ್ದರು. ಸಾಹೇಬರು ಅಲ್ಲೇ ಪಟ್ಟು ಹಿಡಿದರು. ‘ಖ್ಯಾತಿ’ಯಿಂದ ಬಂದಿರಬಾರದೇಕೆ ಎಂದರು. ಆಧಾರ ಕೇಳಿದರೆ, ಬಂದಿಲ್ಲ ಎನ್ನಲು ನಿಮ್ಮ ಆಧಾರವೇನು ಎಂದರು. ‘ತಿಳಿದಿಲ್ಲ’ ಎಂದರೆ ಯಾರಿಗೆ, ನಮಗೋ ಲೋಕಕ್ಕೋ ಎಂದು ಒಂದು ಸಭೆ. ‘ಈವರೆಗೆ’ ಸೇರಿಸಬೇಕೇ ಎಂದು ಇನ್ನೊಂದು. ಅಬ್ಬಬ್ಬಾ, ಎಂಥ ಘನಕಾರ್ಯ! ಐದನೆಯ ತಿಂಗಳು ಮುಗಿಯುವಷ್ಟರಲ್ಲಿ ದೊಡ್ಡಪ್ಪ ಊಟದ ತಟ್ಟೆಯನ್ನು ಕೈಯಿಂದ ತಡವಿ ಹುಡುಕುತ್ತಿದ್ದರು.

ನನಗೆ ಮೈಯೆಲ್ಲ ಉರಿಯಿತು. ಪ್ರತಿ ಪದಕ್ಕೂ ಬಳಕೆಯ ಒಂದು ವಾಕ್ಯ ಕೊಡುವುದು ನಮ್ಮ ಕ್ರಮ. ಇದ್ದ ವಾಕ್ಯ ಕಿತ್ತು ಹೊಸದು ಕೂರಿಸಿದೆ: ‘ಮೂರನೆಯ ರುಜುವಿನವರು ಏಳು ತಿಂಗಳು ಕ್ಯಾತೆ ತೆಗೆದರು, ಅಷ್ಟರಲ್ಲಿ ಪುಸ್ತಕ ಬರೆದವನ ಕಣ್ಣು ಹೋಯಿತು.’ ಕೆಲಸ ಹೋದರೆ ಹೋಗಲಿ ಎಂದು ಸಾಹೇಬರ ಮುಂದಿಟ್ಟೆ.

ಅವರು ಎರಡು ಸಲ ಓದಿದರು. ಕೆಂಪು ಪೆನ್ನು ತೆಗೆದರು.

“ಏಳು ತಿಂಗಳು ಎಲ್ಲಾಯ್ತಮ್ಮಾ? ಆರು ತಿಂಗಳು ಇಪ್ಪತ್ಮೂರು ದಿನ ಅಲ್ವಾ?”

ತಿದ್ದಿಕೊಟ್ಟೆ. ತೃಪ್ತಿಯಿಂದ ರುಜು ಹಾಕಿದರು.

ಪುಸ್ತಕ ಬಂದ ದಿನ ದೊಡ್ಡಪ್ಪನಿಗೆ ಆ ಪುಟ ಓದಿ ಹೇಳಿದೆ, ಸಾಹೇಬರ ತಿದ್ದುಪಡಿಯ ಕಥೆಯನ್ನೂ ಹೇಳಿದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು.

“ಹಾಗಾದ್ರೆ ಮೂಲ ಸಿಕ್ತಲ್ಲೇ ಮಗಳೇ” ಎಂದರು.

ಆಮೇಲೆ ಪುಸ್ತಕವನ್ನು ಕೇಳಿ ಇಸಿದುಕೊಂಡು, ಮುಖದ ಹತ್ತಿರ ತಂದು, ಹಾಳೆ ಮಗುಚುತ್ತಾ ಬಹಳ ಹೊತ್ತು ಕೂತರು. ತಲೆಕೆಳಗಾಗಿ ಹಿಡಿದಿದ್ದರು. ತಪ್ಪು ತಿದ್ದುವುದೇ ನನ್ನ ಕಸುಬು. ಅದೊಂದನ್ನು ತಿದ್ದಲು ನನಗೆ ಬಾಯಿ ಬರಲಿಲ್ಲ.