ಮೂರು ಬಲೂನು, ಒಂದು ಕುತ್ತಿಗೆ

ಮೇಷ್ಟ್ರ ಕಿವಿಗೆ ಕತ್ತಿ ತಗುಲಿದ ದಿನವೇ ಮಗಳು ನನ್ನ ಕೈಯಿಂದ ಕತ್ತಿ ಕಿತ್ತುಕೊಂಡಳು. ಮೂವತ್ತೆರಡು ವರ್ಷ ಕ್ಷೌರ ಮಾಡಿದವನು ನಾನು, ಒಬ್ಬರ ಮುಖದ ಮೇಲೂ ಗೀರು ಬೀಳಿಸಿದವನಲ್ಲ. ಆವತ್ತು ಬಲಗೈಯ ಹೆಬ್ಬೆರಳೂ ತೋರುಬೆರಳೂ ಇದ್ದಕ್ಕಿದ್ದಂತೆ ಮರಗಟ್ಟಿ ಕತ್ತಿ ಜಾರಿತು. ಗಾಯ ಚಿಕ್ಕದೇ, ಆದರೆ ರಕ್ತ ನಿಲ್ಲಲೊಲ್ಲದು. ಎರಡು ಟವೆಲ್ ತೊಯ್ದುಹೋದವು. ಮೇಷ್ಟ್ರು ಮಾತ್ರ, "ಹೋಗ್ಲಿ ಬಿಡಪ್ಪ, ಇನ್ನೊಂದು ಕಿವಿ ಇದೆಯಲ್ಲ" ಎಂದು ನಕ್ಕರು. ಅವರು ನಕ್ಕಿದ್ದಕ್ಕೇ ನನಗೆ ಭೂಮಿಗಿಳಿದುಹೋಗುವಷ್ಟು ನಾಚಿಕೆಯಾಯಿತು.

"ಅಂಗಡಿ ರೂಲ್ಸ್ ಮಾಡಿದ್ದು ನೀನೇ ಅಪ್ಪ," ಎಂದಳು ಮಗಳು. "ಮೂರು ಬಲೂನು. ಆಮೇಲೆ ಕತ್ತಿ."

ನಮ್ಮ ಅಂಗಡಿಯಲ್ಲಿ ಹೊಸಬರು ಗಿರಾಕಿಯ ಗಲ್ಲ ಮುಟ್ಟುವ ಮೊದಲು ಊದಿದ ಬಲೂನಿಗೆ ನೊರೆ ಹಚ್ಚಿ, ಅದನ್ನೆಲ್ಲ ಕತ್ತಿಯಿಂದ ಕೆರೆದು ತೆಗೆಯಬೇಕು. ಬಲೂನು ಒಡೆಯಬಾರದು. ಒಂದರ ಹಿಂದೊಂದು ಮೂರು. ಹೆತ್ತ ಮಗಳೆಂದು ಅವಳಿಗೂ ನಾನು ರಿಯಾಯಿತಿ ಕೊಟ್ಟಿರಲಿಲ್ಲ. ಹನ್ನೊಂದು ಒಡೆದಳು, ಅತ್ತಳು, ಕಲಿತಳು. ಮಾಡಿದ್ದುಣ್ಣೋ ಮಹರಾಯ ಎಂದು ಈಗ ನಾನೇ ನೊರೆ ಹಚ್ಚಿಕೊಂಡು ಕೂತೆ. ಮೊದಲನೆಯದು ಅರ್ಧಕ್ಕೇ ಢಬ್ ಎಂದಿತು.

"ಬಲೂನು ಕಳಪೆ," ಎಂದೆ.

"ಕುಣೀಲಾರದೋಳು ನೆಲ ಡೊಂಕು ಅಂದ್ಲಂತೆ," ಎಂದು ಅವಳು ನನ್ನ ಮೂಗಿಗೆ ಮೆತ್ತಿದ ನೊರೆ ಒರೆಸಿದಳು.

ನನ್ನ ಕತ್ತಿ ನನಗೆ ವಾಪಸ್ ಬೇಕಿತ್ತು. ಕತ್ತಿ ಹಿಡಿಯದ ಕೈ ಇಟ್ಟುಕೊಂಡು ನಾನು ಏನು ಮಾಡಲಿ? ದಿನವಿಡೀ ಟವೆಲ್ ಮಡಿಸಲೇ? ನನ್ನ ಗೊಣಗಾಟ ಕೇಳಲಾರದೆ ಹೆಂಡತಿ, ಬೆನ್ನು ಕುತ್ತಿಗೆಯ ಕೀಲುಗಳನ್ನು ಕೈಯಿಂದಲೇ ಸರಿಮಾಡುವ ಕೈರೋಪ್ರ್ಯಾಕ್ಟರ್ ಹತ್ತಿರ ಹೆಸರು ಬರೆಸಿ ಬಂದಳು.

"ನೆಟಿಕೆ ತೆಗೆಸ್ಕೊಳ್ಳೋಕೆ ಇನ್ನೊಬ್ರ ಹತ್ರ ಹೋಗ್ಬೇಕಾ ನಾನು?" ಎಂದು ರೇಗಿದೆ.

ರೇಗಲು ಕಾರಣವಿತ್ತು. ಕ್ಷೌರ ಮುಗಿದ ಮೇಲೆ ಗಿರಾಕಿಯ ಗದ್ದ ಒಂದು ಕೈಯಲ್ಲಿ, ನೆತ್ತಿ ಇನ್ನೊಂದು ಕೈಯಲ್ಲಿ ಹಿಡಿದು ಸರಕ್ಕನೆ ತಿರುಗಿಸಿ ಲಟಕ್ ಅನ್ನಿಸುವುದರಲ್ಲಿ ನಾನು ಎತ್ತಿದ ಕೈ. ಅರ್ಧ ಗಿರಾಕಿಗಳು ಅದಕ್ಕೆಂದೇ ಬರುತ್ತಿದ್ದರು. ನನ್ನ ಕುತ್ತಿಗೆಯನ್ನೂ ನಾನೇ ದಿನಕ್ಕೆ ಹತ್ತು ಸಲ ಹಾಗೆ ತಿರುಗಿಸಿಕೊಳ್ಳುತ್ತಿದ್ದೆ.

"ಹೋಗ್ರೀ ಸುಮ್ನೆ," ಎಂದಳು ಹೆಂಡತಿ. ಹೋದೆ.

ಎರಡನೇ ಮಹಡಿಯ ಕೋಣೆ. ಮುಖ ಇಡುವ ಕಡೆ ತೂತಿದ್ದ ಮಂಚ, ಮೂಲೆಯಲ್ಲಿ ಪ್ಲಾಸ್ಟಿಕ್ ಬೆನ್ನೆಲುಬು. ಡಾಕ್ಟರಮ್ಮ ಗಿಡ್ಡಗಿದ್ದರು, ಅಂಗಿಯ ತೋಳು ಮೇಲಕ್ಕೆ ಮಡಚಿಕೊಂಡಿದ್ದರು. ಒಂದು ಲಟಕ್, ಮನೆಗೆ ವಾಪಸ್ ಎಂದುಕೊಂಡಿದ್ದೆ. ಆಕೆ ಅರ್ಧ ಗಂಟೆ ಬರೀ ಪ್ರಶ್ನೆ ಕೇಳಿದರು. ಎಲ್ಲಾದರೂ ಬಿದ್ದಿದ್ದಿರಾ? ತಲೆಸುತ್ತು ಬರುತ್ತದೆಯೇ? ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುತ್ತೀರಾ? ಆಮೇಲೆ ಮೊಣಕೈಗೆ ರಬ್ಬರ್ ಸುತ್ತಿಗೆಯಿಂದ ತಟ್ಟಿದರು, ತಮ್ಮ ಬೆರಳು ಹಿಸುಕಲು ಹೇಳಿದರು, ನನ್ನ ಕಣ್ಣು ಮುಚ್ಚಿಸಿ ಬೆರಳ ತುದಿಗೆ ಹತ್ತಿ ಸೋಕಿಸಿದರು. ಸೋಕಿದ್ದು ನನಗೆ ಗೊತ್ತೇ ಆಗಲಿಲ್ಲ.

"ಪೊಲೀಸ್ ಸ್ಟೇಷನ್ನಲ್ಲೂ ಇಷ್ಟು ಕೇಳಲ್ಲ ಮೇಡಂ."

"ಕೇಳದೆ ನಾನು ಯಾರ ಕುತ್ತಿಗೇನೂ ಮುಟ್ಟಲ್ಲ. ತಲೆಸುತ್ತು ಇರೋರದ್ದು, ಆ ಮಾತ್ರೆ ತಗೊಳ್ಳೋರದ್ದು ಸರಕ್ಕಂತ ತಿರುಗಿಸಿದ್ರೆ ಜೀವಕ್ಕೇ ಸಂಚಕಾರ ಬರಬಹುದು. ಅದಿರ್ಲಿ, ನಿಮ್ಮ ಕುತ್ತಿಗೆ ಯಾರು ತಿರುಗಿಸ್ತಾರೆ?"

"ನಾನೇ. ದಿನಕ್ಕೊಂದು ಹತ್ತು ಸಲ."

ಬರೆಯುತ್ತಿದ್ದ ಪೆನ್ನು ನಿಂತಿತು. "ಆ ಸದ್ದು ಕೀಲಿನೊಳಗಿನ ಗಾಳಿಗುಳ್ಳೆಯದ್ದು. ಸದ್ದು ಬಂದ್ರೆ ವಾಸಿಯಾಯ್ತು ಅಂತ ಅರ್ಥ ಅಲ್ಲ. ಕುತ್ತಿಗೆಯಿಂದ ಕೈಗಿಳಿಯೋ ನರ ಕೆರಳಿದೆ ಅನ್ನಿಸುತ್ತೆ. ಹಾಗಾಗಿ ಕುತ್ತಿಗೆ ತಿರುಗಿಸೋದಿಲ್ಲ. ಬೆನ್ನಿನ ಮೇಲ್ಭಾಗ ಸಡಿಲ ಮಾಡ್ತೀನಿ, ವ್ಯಾಯಾಮ ಹೇಳಿಕೊಡ್ತೀನಿ. ಒಂದೆರಡು ದಿನ ಮೈ ನೋಯಬಹುದು. ಆರು ವಾರದಲ್ಲಿ ಗುಣ ಕಾಣದಿದ್ರೆ, ಇಲ್ಲಾ ನಡುವೆ ಕೈಯ ಬಲ ಕಡಿಮೆಯಾದ್ರೆ, ನರದ ಡಾಕ್ಟರ್ ಹತ್ರ ಕಳಿಸ್ತೀನಿ. ಗ್ಯಾರಂಟಿ ಕೊಡಲ್ಲ."

"ಗ್ಯಾರಂಟಿ ನಾನು ಕೊಡ್ತೀನಿ. ಕತ್ತಿ ವಾಪಸ್ ತಗೊಳ್ದೆ ಬಿಡೋನಲ್ಲ ನಾನು."

"ಹಾಗಾದ್ರೆ ಮೊದಲು ಗದ್ದದಿಂದ ಕೈ ತೆಗೀರಿ."

ನೋಡಿದರೆ, ನನಗೇ ತಿಳಿಯದಂತೆ ಕೈ ಗದ್ದಕ್ಕೆ ಹೋಗಿತ್ತು!

ವಾರಕ್ಕೆರಡು ಸಲ ಆ ಮಂಚದ ಮೇಲೆ ಬೋರಲು ಮಲಗಿದೆ. ಮನೆಯಲ್ಲಿ ಬೆಳಿಗ್ಗೆ ಸಂಜೆ ಗೋಡೆಗೆ ಬೆನ್ನು ಕೊಟ್ಟು, ಗದ್ದ ಒಳಗೆಳೆದು ಹತ್ತು ಎಣಿಸಿದೆ. ಅದೆಲ್ಲ ಸುಲಭ. ಕುತ್ತಿಗೆ ತಿರುಗಿಸದೆ ಇರುವುದಿದೆಯಲ್ಲ, ಅದು ಶತ್ರುವಿಗೂ ಬೇಡ. ಕೈ ಮೇಲೆದ್ದಾಗಲೆಲ್ಲ ಹೆಂಡತಿ ಸೌಟಿನಿಂದ ಹೊಡೆದಳು. ಎರಡನೇ ವಾರ ಬಲೂನು ಒಡೆಯಿತು. ನಾಲ್ಕನೇ ವಾರ ಎರಡು ಉಳಿದು ಮೂರನೆಯದು ಒಡೆಯಿತು. ಸಿಟ್ಟಿಗೆ ನೊರೆಯ ಬಟ್ಟಲು ಎಸೆದೆ, ಆಮೇಲೆ ನಾನೇ ನೆಲ ಒರೆಸಿದೆ. ಐದನೇ ವಾರ ಡಾಕ್ಟರಮ್ಮ ಹತ್ತಿ ಸೋಕಿಸಿದಾಗ ಬೆರಳಿಗೆ ತಿಳಿಯಿತು. ಕಣ್ಣು ಮುಚ್ಚಿಕೊಂಡೇ ಅತ್ತುಬಿಟ್ಟೆ.

ಆರನೇ ವಾರ ಮೂರೂ ಬಲೂನು ನುಣ್ಣಗೆ ಹೊಳೆಯುತ್ತ ಉಳಿದವು. ಮಗಳು ನನ್ನ ಅಂಗೈಯಲ್ಲಿ ಕತ್ತಿ ಇಟ್ಟು, "ಮುಂದಿನ ಗಿರಾಕಿ ನಿಂದು ಅಪ್ಪ" ಎಂದಳು.

ಮುಂದಿನ ಗಿರಾಕಿ ಮೇಷ್ಟ್ರು. ನೆಟ್ಟಗೆ ಬಂದು ನನ್ನ ಕುರ್ಚಿಯಲ್ಲೇ ಕೂತರು. ಕಿವಿಯ ಕಲೆಯ ಸುತ್ತ ಉಸಿರು ಬಿಗಿಹಿಡಿದು ಕತ್ತಿ ಆಡಿಸಿದೆ. ಒಂದು ಹನಿ ರಕ್ತವಿಲ್ಲ.

"ಶಹಬ್ಬಾಸ್! ಎಲ್ಲಿ, ಈಗ ಕುತ್ತಿಗೆ ಲಟಕ್ ಅನ್ನಿಸು. ನಿನ್ನ ಮಗಳಿಗೆ ಅದು ಬರಲ್ಲ. ಆರು ವಾರದಿಂದ ಕಾಯ್ತಿದೀನಿ."

ಕೈಗಳು ಅಭ್ಯಾಸಬಲದಿಂದ ಗದ್ದಕ್ಕೂ ನೆತ್ತಿಗೂ ಹೋದವು. ಅಲ್ಲೇ ನಿಂತವು.

"ಸಾರ್, ನಿಮಗೆ ತಲೆಸುತ್ತು ಬರುತ್ತಾ?"

"ವಯಸ್ಸಾಯ್ತಲ್ಲಪ್ಪ, ಬರ್ತಿರುತ್ತೆ. ಇಲ್ಲಿಂದ ಹೋದ್ಮೇಲಂತೂ ಅರ್ಧ ಗಂಟೆ ಗಿರ್ರ್ ಅಂತಿತ್ತು. ಈಗೊಂದು ತಿಂಗಳಿಂದ ವಾಸಿ."

"ಮಾತ್ರೆ ಏನಾದ್ರೂ?"

"ಹೃದಯಕ್ಕೆ. ರಕ್ತ ತೆಳುವಾಗೋಕೆ ಅಂತೆ. ನಾಲ್ಕು ವರ್ಷ ಆಯ್ತು. ಅದಕ್ಕೇ ಅಲ್ವೇನೋ ಅವತ್ತು ನಿನ್ನ ಟವೆಲ್ ಹಾಳಾಗಿದ್ದು?"

ನಾಲ್ಕು ವರ್ಷ, ವಾರಕ್ಕೊಂದು ಸಲ. ಇನ್ನೂರು ಸಲ ಈ ಕುತ್ತಿಗೆಯನ್ನು ಹಿಡಿದು ತಿರುಗಿಸಿದ್ದೆ, ಒಂದೇ ಒಂದು ಮಾತು ಕೇಳದೆ. ಕಿವಿಯ ಗೀರಿಗೆ ಆರು ವಾರ ನಾಚಿಕೊಂಡಿದ್ದೆನಲ್ಲ, ಎಂಥ ಮೂರ್ಖ ನಾನು! ಎರಡೂ ಕೈ ಮೆಲ್ಲಗೆ ತೆಗೆದೆ.

"ತಿರುಗಿಸಲ್ಲ ಸಾರ್. ಇನ್ನು ಈ ಅಂಗಡೀಲಿ ಯಾರ ಕುತ್ತಿಗೇನೂ ತಿರುಗಿಸಲ್ಲ."

"ಯಾಕೋ, ಕೈ ಇನ್ನೂ ಸರಿಹೋಗಿಲ್ವಾ?"

"ಕೈ ಸರಿಹೋಗಿದೆ ಸಾರ್. ಬುದ್ಧಿ ಈಗ ಸರಿಹೋಗ್ತಿದೆ. ಏಳಿ, ನಿಮ್ಮ ಡಾಕ್ಟರಿಗೆ ಈ ತಲೆಸುತ್ತಿನ ವಿಷಯ ಇವತ್ತೇ ಹೇಳ್ಬೇಕು. ಯಾರು ಮಾಡಿದ್ದು ಅಂತ ನಾನೇ ಹೇಳ್ತೀನಿ."

ಬಾಗಿಲ ಹತ್ತಿರ ಇನ್ನಿಬ್ಬರು ಗಿರಾಕಿಗಳು ಕಾಯುತ್ತಿದ್ದರು. ಕತ್ತಿ ಒರೆಸಿ, ಮಡಚಿ, ಮಗಳ ಕೈಗೆ ವಾಪಸ್ ಕೊಟ್ಟೆ. ಮೇಷ್ಟ್ರ ತೋಳು ಹಿಡಿದು ಮೆಟ್ಟಿಲು ಇಳಿಸಿದೆ.